ಐದು ಬ್ಲಾಕ್ ಫುಟ್‌ಪಾತ್

ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಡೌನ್‌ಟೌನಿನಲ್ಲಿ ಜೆಫರ್ಸನ್ ಅಂತ ಒಂದು ಬೀದಿ ಇದೆ. ಅದನ್ನು ದಾಟಿ ದಕ್ಷಿಣಕ್ಕೆ ಹೋದ ಮೇಲೆ ಫುಟ್‌ಪಾತ್ ಮೇಲೆ ಸೈಕಲ್ ಹೊಡೆದರೆ ತಪ್ಪಲ್ಲ. ಅದಕ್ಕಿಂತ ಈಚೆ ಹೊಡೆದರೆ ತಪ್ಪು. ಇದು ನನಗೆ ಗೊತ್ತಾಗಿದ್ದು 2018ರ ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ, ಒಬ್ಬರ ಕಾಫಿ ಚೆಲ್ಲಿದ ಮೇಲೆ.

ಆಗ ನಮ್ಮ ಮನೆ ಇದ್ದದ್ದು ಹಿಲ್ಸ್‌ಬರೋದಲ್ಲಿ. ಆರೆಗನ್ನಿನ ಈ ಕಡೆಗೆ ಬಂದ ಕನ್ನಡದವರಲ್ಲಿ ಜಾಸ್ತಿ ಜನ ಇರೋದು ಅಲ್ಲೇ, ಇಲ್ಲವೇ ಪಕ್ಕದ ಬೀವರ್ಟನ್‌ನಲ್ಲಿ. ನನ್ನ ಆಫೀಸು ಮಾತ್ರ ಡೌನ್‌ಟೌನಿನ ದಕ್ಷಿಣದ ತುದಿಯಲ್ಲಿ, ಮಾರ್ಕೆಟ್ ಸ್ಟ್ರೀಟ್ ಹತ್ತಿರ. ಬೆಳಿಗ್ಗೆ ಓರೆಂಕೋದಲ್ಲಿ ಮ್ಯಾಕ್ಸ್ ಟ್ರೈನ್ ಹತ್ತಿ, ಸೈಕಲ್ಲಿನ ಮುಂದಿನ ಚಕ್ರವನ್ನು ಕೊಕ್ಕೆಗೆ ಸಿಗಿಸಿ ನೇತುಹಾಕಿದರೆ, ಗುಡ್ಡದ ಹೊಟ್ಟೆಯೊಳಗಿನ ಸುರಂಗ ದಾಟಿ ಊರು ಸೇರುತ್ತಿದ್ದೆ. ಯಾಮ್‌ಹಿಲ್ ಸ್ಟ್ರೀಟಿನಲ್ಲಿ, ಸೆಂಟ್ರಲ್ ಲೈಬ್ರರಿ ಪಕ್ಕದ ಸ್ಟಾಪಿನಲ್ಲಿ ಇಳಿಯೋದು. ಅಲ್ಲಿಂದ ಆಫೀಸಿಗೆ ಸೈಕಲ್ಲಿನಲ್ಲಿ ಐದಾರು ನಿಮಿಷ.

ದಾರಿ ನಾನೇ ಕಂಡುಹಿಡಿದದ್ದು. ಲೈಬ್ರರಿ ಮುಂದಿನ ಟೆಂತ್ ಅವೆನ್ಯೂ ಒನ್ ವೇ, ಗಾಡಿಗಳು ಉತ್ತರಕ್ಕೆ ಹೋಗುತ್ತವೆ. ನಾನು ಹೋಗಬೇಕಾದದ್ದು ದಕ್ಷಿಣಕ್ಕೆ. ಜೊತೆಗೆ ಆ ಬೀದಿಯಲ್ಲಿ ಸ್ಟ್ರೀಟ್‌ಕಾರ್, ಅಂದರೆ ಟ್ರಾಮಿನ, ಹಳಿ ಬೇರೆ. ಹಾಗಾಗಿ ರಸ್ತೆಗೆ ಇಳಿಯೋ ಗೊಡವೆಯೇ ಬೇಡ ಅಂತ ಫುಟ್‌ಪಾತ್ ಮೇಲೇ ಹೊರಡುತ್ತಿದ್ದೆ. ಯಾಮ್‌ಹಿಲ್, ಟೇಲರ್, ಸಾಮನ್, ಮೇನ್, ಮ್ಯಾಡಿಸನ್, ಜೆಫರ್ಸನ್. ಒಂದು ಅಡ್ಡಬೀದಿಯಿಂದ ಇನ್ನೊಂದಕ್ಕೆ ಒಂದು ಬ್ಲಾಕ್, ಲೆಕ್ಕ ಹಾಕಿದರೆ ಐದು. ಪೋರ್ಟ್‌ಲ್ಯಾಂಡಿನ ಬ್ಲಾಕುಗಳು ಬಹಳ ಸಣ್ಣವು, ಒಂದೊಂದು ಬರೀ 200 ಅಡಿ. ಉಸಿರು ಬಿಡೋದರೊಳಗೆ ಮುಗಿದುಹೋಗುತ್ತಿತ್ತು. ಯಾರೂ ಏನೂ ಅಂದಿರಲಿಲ್ಲ. ಏನಾದರೂ ಅಂದಿದ್ದರೂ ಕಿವಿಯಲ್ಲಿ ಇಯರ್‌ಫೋನ್ ಇರುತ್ತಿತ್ತಲ್ಲ, ಕೇಳಿಸಿರಲಿಕ್ಕಿಲ್ಲ.

ಆವತ್ತು ಸ್ಟ್ರೀಟ್‌ಕಾರ್ ಸ್ಟಾಪಿನಲ್ಲಿ ಏಳೆಂಟು ಜನ ನಿಂತಿದ್ದರು. ಅವರ ಬೆನ್ನ ಹಿಂದೆ, ಗೋಡೆ ಕಡೆಗೆ, ಒಂದು ಸೈಕಲ್ ದಾಟುವಷ್ಟು ಜಾಗ. ದಿನಾ ಅದರಲ್ಲೇ ತೂರಿಕೊಂಡು ಹೋಗುತ್ತಿದ್ದೆ. ಬೂದು ಬಣ್ಣದ ಉದ್ದ ಕೋಟು ಹಾಕಿಕೊಂಡಿದ್ದ ಒಬ್ಬ ಹೆಂಗಸು ಟ್ರಾಮ್ ಬಂತಾ ಅಂತ ನೋಡಲು ಕತ್ತು ಉದ್ದ ಮಾಡಿದರು. ಪಕ್ಕದವರ ತಲೆ ಅಡ್ಡ ಬಂತೇನೋ, ನೋಡುತ್ತಲೇ ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. ಒಂದೇ ಹೆಜ್ಜೆ. ನನ್ನ ಹ್ಯಾಂಡಲ್ಲಿನ ತುದಿ ಅವರ ಮೊಣಕೈಗೆ ತಗುಲಿತು. ಕಾಗದದ ಕಪ್ಪು ಕೈಯಿಂದ ಹಾರಿತು, ಮುಚ್ಚಳ ಒಂದು ಕಡೆ, ಕಪ್ಪು ಒಂದು ಕಡೆ. ಅರ್ಧ ಕಾಫಿ ಅವರ ಕೋಟಿನ ಮೇಲೆ, ಉಳಿದರ್ಧ ನನ್ನ ಮುಂದಿನ ಚಕ್ರದ ಮೇಲೆ.

ಅವರಿಗೆ ಪೆಟ್ಟಾಗಲಿಲ್ಲ. ನಾನು ನಾಲ್ಕು ಸಲ ಸಾರಿ ಹೇಳಿದೆ. ಅವರು ಒಂದೇ ಮಾತು ಕೇಳಿದರು: “ಬೆಲ್ ಇಲ್ಲವಾ?” ಇತ್ತು. ಹೊಸ ಸೈಕಲ್ ತಗೊಂಡಾಗ ಬಂದದ್ದು. ಅದುವರೆಗೆ ಒಂದು ಸಲವೂ ಹೊಡೆದಿರಲಿಲ್ಲ. ಅಷ್ಟರಲ್ಲಿ ಟ್ರಾಮ್ ಬಂತು, ಅವರು ಕೋಟನ್ನು ಕೊಡವಿಕೊಳ್ಳುತ್ತಾ ಹತ್ತಿ ಹೋದರು.

ಆಚೆ ಬದಿಯಿಂದ ಒಬ್ಬ ಪೊಲೀಸ್ ರಸ್ತೆ ದಾಟಿ ಬಂದರು. ಗದರಲಿಲ್ಲ. ಇಲ್ಲಿ ಫುಟ್‌ಪಾತ್ ಮೇಲೆ ಸೈಕಲ್ ಹೊಡೆಯೋ ಹಾಗಿಲ್ಲ ಅನ್ನೋದು ಗೊತ್ತಾ ಅಂತ ಕೇಳಿದರು. ಗೊತ್ತಿಲ್ಲ ಅಂದೆ. ನಿಜವಾಗಲೂ ಗೊತ್ತಿರಲಿಲ್ಲ. ಹಿಲ್ಸ್‌ಬರೋದಲ್ಲಿ ನಮ್ಮ ಮನೆ ಹತ್ತಿರ ಎಲ್ಲರೂ ಫುಟ್‌ಪಾತ್ ಮೇಲೇ ಹೊಡೆಯುತ್ತಿದ್ದರು. ಇಲ್ಲಿ ಬೇಡ ಅನ್ನೋ ಬೋರ್ಡು ನನ್ನ ಕಣ್ಣಿಗಂತೂ ಬಿದ್ದಿರಲಿಲ್ಲ.

ಅವರು ದಂಡದ ಟಿಕೆಟ್ ಬರೆಯಲು ಶುರು ಮಾಡಿದಾಗ, ಬೀದಿಯ ನಡುವೆ, ಕಾರುಗಳ ಜೊತೆಗೇ ಒಬ್ಬ ಹುಡುಗ ಸ್ಕೇಟ್‌ಬೋರ್ಡ್ ಮೇಲೆ ಗಡಗಡ ಸದ್ದು ಮಾಡಿಕೊಂಡು ಹೋದ. ನನಗೆ ಜೀವ ಬಂದ ಹಾಗಾಯಿತು. ಅವನನ್ನು ತೋರಿಸಿ, “ಅದು?” ಅಂದೆ. ಪೊಲೀಸ್ ತಲೆ ಎತ್ತಿ ನೋಡಿದರು. “ಅವನು ಇರಬೇಕಾದ ಜಾಗದಲ್ಲೇ ಇದ್ದಾನೆ” ಅಂದು ಮತ್ತೆ ಬರೆಯತೊಡಗಿದರು.

ರಾತ್ರಿ ಮನೆಗೆ ಬಂದು ಊರಿನ ಕೋಡ್, ಅಂದರೆ ನಗರದ ಕಾನೂನುಗಳ ಪುಸ್ತಕ, ತೆಗೆದು ಓದಿದೆ. ಸಿಟ್ಟಿತ್ತು ನೋಡಿ, ಸಿಟ್ಟಿನಲ್ಲಿ ಕಾನೂನು ಚೆನ್ನಾಗಿ ಓದಿಸಿಕೊಳ್ಳುತ್ತೆ. ಸೈಕಲ್ಲಿಗೆ ಸಂಬಂಧಪಟ್ಟದ್ದು 16.70.320ನೇ ಸೆಕ್ಷನ್. ಅದು ನಾಲ್ಕು ಗೆರೆ ಎಳೆಯುತ್ತೆ: ದಕ್ಷಿಣಕ್ಕೆ ಜೆಫರ್ಸನ್, ಪೂರ್ವಕ್ಕೆ ನದಿಯ ಪಕ್ಕದ ನೈಟೋ ಪಾರ್ಕ್‌ವೇ, ಉತ್ತರಕ್ಕೆ ಹೊಯ್ಟ್, ಪಶ್ಚಿಮಕ್ಕೆ ತರ್ಟೀನ್ತ್ ಅವೆನ್ಯೂ. ಈ ಚೌಕದೊಳಗೆ ಫುಟ್‌ಪಾತ್ ಮೇಲೆ ಸೈಕಲ್ ಸವಾರಿ ಇಲ್ಲ. ಡ್ಯೂಟಿ ಮೇಲಿರೋ ಪೊಲೀಸರಿಗೆ ವಿನಾಯಿತಿ. ಸೈಕಲ್ ದಾರಿ ಅಂತ ಊರೇ ಗುರುತು ಮಾಡಿದ ಕಡೆ ವಿನಾಯಿತಿ. ಇನ್ನೊಂದಿತ್ತು: ಹತ್ತಿರದಲ್ಲೇ ಇರೋ ಸಂಚಾರದ ಅಪಾಯವನ್ನು ತಪ್ಪಿಸಿಕೊಳ್ಳಲು ಹತ್ತಿದ್ದರೆ ತಪ್ಪಲ್ಲ.

ಈ ಕೊನೆಯದನ್ನು ಓದಿ ಕುರ್ಚಿಯಿಂದ ಎದ್ದೇ ನಿಂತೆ. ಸ್ಟ್ರೀಟ್‌ಕಾರ್ ಹಳಿ! ಸೈಕಲ್ಲಿನ ಚಕ್ರ ಹಳಿಯ ಸಂದಿಗೆ ಸಿಕ್ಕಿಕೊಂಡರೆ ಮುಖ ಅಡಿಯಾಗಿ ಬೀಳೋದು ಖಂಡಿತ. ಆ ಊರಿನ ಸೈಕಲ್ ಸವಾರರನ್ನು ಯಾರನ್ನಾದರೂ ಕೇಳಿ, ಮೊಣಕಾಲಿನ ಗುರುತು ತೋರಿಸುತ್ತಾರೆ. ಇದಕ್ಕಿಂತ ಅಪಾಯ ಇನ್ನೇನು ಬೇಕು? ಹೆಂಡತಿ ಮಾತ್ರ, “ಸುಮ್ನೆ ದಂಡ ಕಟ್ಟಿ ಬಿಡಿ, ಆ ಹೆಂಗಸಿನ ಕೋಟಿನ ಡ್ರೈಕ್ಲೀನಿಂಗ್ ಅಂದ್ಕೊಳ್ಳಿ” ಅಂದಳು. ಆಫೀಸಿನಲ್ಲಿ ಒಬ್ಬರು, ಕೋರ್ಟಿಗೆ ಹೋಗಿ, ಪೊಲೀಸ್ ಬರೋದೇ ಇಲ್ಲ, ಕೇಸು ಬಿದ್ದುಹೋಗುತ್ತೆ ಅಂದರು. ಇಂಥ ಸಲಹೆ ಕೊಡುವವರು ತಾವು ಯಾವತ್ತೂ ಕೋರ್ಟಿಗೆ ಹೋಗಿರಲ್ಲ, ಗಮನಿಸಿದ್ದೀರಾ?

ಟಿಕೆಟ್ಟಿನಲ್ಲಿ ದಾರಿಗಳನ್ನು ಬರೆದೇ ಇದ್ದರು. ತಪ್ಪೊಪ್ಪಿಕೊಂಡು ಹಣ ಕಟ್ಟಬಹುದು. ವಾದ ಮಾಡಲ್ಲ ಅಂತ ಹೇಳಿ, ಹೀಗ್ಹೀಗಾಯ್ತು ಅಂತ ಒಂದು ವಿವರಣೆ ಬರೆದು ಕಳಿಸಬಹುದು. ತಪ್ಪಿಲ್ಲ ಅಂದರೆ ವಿಚಾರಣೆ ಕೇಳಬಹುದು. ಆರೆಗನ್ನಿನಲ್ಲಿ ಇಂಥ ಸಣ್ಣ ಉಲ್ಲಂಘನೆಗೆ ಜ್ಯೂರಿ ಇರಲ್ಲ, ಸರ್ಕಾರ ವಕೀಲರನ್ನೂ ಕೊಡಲ್ಲ. ನಾವೇ ನಿಂತು ಮಾತಾಡಬೇಕು, ನ್ಯಾಯಾಧೀಶರೊಬ್ಬರೇ ತೀರ್ಮಾನ ಮಾಡುತ್ತಾರೆ. ನಾನು ಹಳಿಗಳ ನಾಲ್ಕು ಫೋಟೋ ತೆಗೆದು ಪ್ರಿಂಟ್ ಹಾಕಿಸಿ, ಫೈಲಿಗೆ ಸೇರಿಸಿಕೊಂಡು, ಮೊದಲ ಸಲ ಹಾಜರಾಗಲು ಕೊಟ್ಟ ತಾರೀಖಿಗೆ ಹೋದೆ. ಒಂದು ಫೋಟೋದಲ್ಲಿ ಹಳಿಯ ಸಂದಿಗೆ ಬೆರಳಿಟ್ಟು ಅಳತೆ ಬೇರೆ ತೋರಿಸಿದ್ದೆ.

ಕೋರ್ಟಿನ ಕಾರಿಡಾರಿನಲ್ಲಿ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದವನಿಗೆ ಇಪ್ಪತ್ತು ಇಪ್ಪತ್ತೆರಡು ವರ್ಷ ಇರಬೇಕು. ಪ್ಯಾಂಟಿನ ಎರಡೂ ಮಂಡಿ ಹರಿದಿತ್ತು. ಅದು ಫ್ಯಾಶನ್ ಅಲ್ಲ, ಬಿದ್ದೇ ಹರಿದದ್ದು ಅಂತ ನೋಡಿದರೆ ಗೊತ್ತಾಗುತ್ತಿತ್ತು. ಅವನದೂ ಫುಟ್‌ಪಾತ್ ಟಿಕೆಟ್ಟೇ, ಆದರೆ ಸ್ಕೇಟ್‌ಬೋರ್ಡಿನದು. ಬೋರ್ಡನ್ನು ಕೆಳಗೆ ಸೆಕ್ಯುರಿಟಿಯವರ ಹತ್ತಿರ ಬಿಟ್ಟು ಬಂದಿದ್ದ. ಮಾತಾಡುತ್ತಾ ಆಗಾಗ ಮೆಟ್ಟಿಲ ಕಡೆ ನೋಡುತ್ತಿದ್ದ, ಮಗುವನ್ನು ಯಾರ ಹತ್ತಿರವೋ ಬಿಟ್ಟು ಬಂದವರ ಹಾಗೆ.

ಅವನಿಗೆ ಕೋಡ್ ಬಾಯಿಪಾಠ. ಡೌನ್‌ಟೌನಿನಲ್ಲಿ ಸ್ಕೇಟ್‌ಬೋರ್ಡಿಗೂ ಹೆಚ್ಚು ಕಡಿಮೆ ಇದೇ ಚೌಕ, ಇದೇ ನಿಯಮ. ಫುಟ್‌ಪಾತ್ ಬೇಡ, ರಸ್ತೆ ಓಕೆ. ರಸ್ತೆಗೆ ಇಳಿದರೆ ಸೈಕಲ್ಲಿನವರ ಹಕ್ಕು, ಸೈಕಲ್ಲಿನವರ ಕಟ್ಟುಪಾಡು. ಸಿಗ್ನಲ್ಲಿಗೆ ನಿಲ್ಲಬೇಕು, ರಾತ್ರಿ ಲೈಟ್ ಬೇಕು. ಸ್ಕೇಟರುಗಳಿಗೆ ಈ ದಾರಿ ಒಳ್ಳೆಯದು ಅಂತ ಬೋರ್ಡು ಹಾಕಿರೋ ಬೀದಿಗಳೂ ಇವೆಯಂತೆ. ಆಮೇಲೆ ನಾನೇ ಹೋಗಿ ನೋಡಿದೆ, ಇದ್ದವು. ಬೇರೆ ಊರುಗಳಲ್ಲಿ ಸ್ಕೇಟ್‌ಬೋರ್ಡ್ ಕಂಡರೆ ಆಗಲ್ಲ, ಇಲ್ಲಿಯವರು ವಾಸಿ ಅನ್ನೋದು ಅವನ ಮಾತು. ಬರ್ನ್‌ಸೈಡ್ ಸೇತುವೆ ಕೆಳಗಿನ ಸ್ಕೇಟ್‌ಪಾರ್ಕ್ ನೋಡಿದ್ದೀರಾ ಅಂತ ಕೇಳಿದ. 1990ರಲ್ಲಿ ಸ್ಕೇಟರುಗಳೇ ಯಾರ ಅಪ್ಪಣೆಯನ್ನೂ ಕೇಳದೆ, ತಾವೇ ಕಾಂಕ್ರೀಟ್ ಕಲಸಿ ಕಟ್ಟಲು ಶುರು ಮಾಡಿದ ಜಾಗ ಅದು. ಊರು ಅದನ್ನು ಒಡೆಯಲಿಲ್ಲ, ಆಮೇಲೆ ಒಪ್ಪಿಕೊಂಡಿತು. ಹೇಳುವಾಗ ಅವನ ಮುಖದಲ್ಲಿ ತನ್ನ ಅಜ್ಜನೇ ಕಟ್ಟಿದ ದೇವಸ್ಥಾನ ಅನ್ನೋ ಥರದ ಹೆಮ್ಮೆ.

“ಇಷ್ಟೆಲ್ಲ ಗೊತ್ತಿದ್ದೂ ಫುಟ್‌ಪಾತ್ ಯಾಕೆ ಹತ್ತಿದೆ?” ಅಂದೆ.

“ಮಳೆ ಬರ್ತಿತ್ತು, ಅಂಗಡಿ ಮುಂದೆ ಮಾಡು ಇತ್ತು” ಅಂದ. ಇದಕ್ಕಿಂತ ಪ್ರಾಮಾಣಿಕವಾದ ಮಾತು ಆವತ್ತು ಆ ಕಟ್ಟಡದಲ್ಲಿ ಇನ್ನೊಂದು ಕೇಳಲಿಲ್ಲ. ನನ್ನದನ್ನೂ ಸೇರಿಸಿ.

ನನ್ನ ಹೆಸರು ಕರೆದರು. ಅವರು ನನ್ನ ಹೆಸರನ್ನು ಮೂರು ತುಂಡು ಮಾಡಿ ಕರೆದಿದ್ದರಿಂದ ಎರಡನೇ ಸಲಕ್ಕೆ ಎದ್ದೆ. ನ್ಯಾಯಾಧೀಶರು ಸುಸ್ತಾದ ಮೇಷ್ಟರ ಹಾಗೆ ಕಂಡರು. ನಾನು ವಿನಾಯಿತಿಯ ಸಾಲನ್ನು ಓದಿದೆ, ಫೋಟೋ ಕೊಟ್ಟೆ. ಅವರು ನಾಲ್ಕನ್ನೂ ನೋಡಿದರು. ಬೆರಳಿನ ಫೋಟೋವನ್ನು ಸ್ವಲ್ಪ ಜಾಸ್ತಿ ಹೊತ್ತು ನೋಡಿದರು.

“ನೀವು ಯಾವ ಕಡೆ ಹೋಗ್ತಿದ್ದಿರಿ?”

“ದಕ್ಷಿಣಕ್ಕೆ.”

“ಟೆಂತ್ ಅವೆನ್ಯೂನಲ್ಲಿ?”

“ಹೌದು.”

“ಅಂದರೆ ಹಳಿ ಇಲ್ಲದೆ ಇದ್ದಿದ್ದರೂ ನೀವು ಆ ರಸ್ತೆಯಲ್ಲಿ ಆ ಕಡೆಗೆ ಹೋಗುವ ಹಾಗಿರಲಿಲ್ಲ. ಹಾಗಾದರೆ ತಪ್ಪಿಸಿಕೊಂಡದ್ದು ಯಾವ ಅಪಾಯವನ್ನು?”

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಮೂರು ವಾರ ಹಳಿಯ ಅಗಲ ಅಳೆದವನಿಗೆ ಒನ್ ವೇ ಬಾಣದ ಗುರುತು ಹೊಳೆದೇ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮಂಡಿ ಹರಿದವನೇ ಇರಬೇಕು.

ನ್ಯಾಯಾಧೀಶರು ನಗಲಿಲ್ಲ, ಪುಣ್ಯಾತ್ಮರು. ವಿಚಾರಣೆ ಬೇಕಿದ್ದರೆ ತಾರೀಖು ಕೊಡುತ್ತೇನೆ. ಇದು ಮೊದಲನೇ ಸಲ ಆದ್ದರಿಂದ ರಸ್ತೆ ಸುರಕ್ಷತೆಯ ಕ್ಲಾಸಿಗೆ ಬೇಕಾದರೂ ಹೋಗಬಹುದು, ಮುಗಿಸಿದ ಚೀಟಿ ತಂದರೆ ಕೇಸು ವಜಾ ಅಂದರು. ಕ್ಲಾಸು ಅಂದೆ. ಎಲ್ಲ ಸೇರಿ ಐದು ನಿಮಿಷ ಆಗಿರಬಹುದು. ಅದಕ್ಕಾಗಿ ಅರ್ಧ ದಿನ ರಜ ಹಾಕಿದ್ದೆ.

ಕ್ಲಾಸು ಒಂದು ಸಂಜೆ. ಶಿಕ್ಷೆ ಅನುಭವಿಸೋಕೆ ಹೋಗ್ತಿದ್ದೇನೆ ಅನ್ನೋ ಮುಖ ಹೊತ್ತುಕೊಂಡೇ ಹೋದೆ. ಅಲ್ಲಿ ಎಲ್ಲರದೂ ಅದೇ ಮುಖ. ಜೀಬ್ರಾ ಕ್ರಾಸಿಂಗಿನಲ್ಲಿ ನಡೆಯುವವರಿಗೆ ನಿಲ್ಲಿಸದ ಕಾರಿನವರು, ಸ್ಟಾಪ್ ಬೋರ್ಡಿಗೆ ಕಾಲೂರದ ಸೈಕಲ್ಲಿನವರು, ಕೆಂಪು ದೀಪ ಇದ್ದಾಗ ರಸ್ತೆ ದಾಟಿದ ಒಬ್ಬ ಅಜ್ಜಿ. ಅಜ್ಜಿಗೆ ತನ್ನನ್ನು ಯಾಕೆ ಕರೆದಿದ್ದಾರೆ ಅನ್ನೋದೇ ಕೊನೆವರೆಗೂ ಒಪ್ಪಿಗೆ ಆಗಲಿಲ್ಲ.

ಪಾಠ ಮಾಡಿದಾಕೆ ಸ್ಲೈಡು ಗೀಡು ಅಂತ ಜಾಸ್ತಿ ತೋರಿಸಲಿಲ್ಲ. ನೆಲಕ್ಕೆ ಅಂಟಿಸೋ ಹಳದಿ ಟೇಪಿನ ಸುರುಳಿ ತಂದಿದ್ದರು. ಗೋಡೆಯಿಂದ ನಾಲ್ಕೂವರೆ ಅಡಿ ದೂರಕ್ಕೆ ಒಂದು ಪಟ್ಟಿ ಅಂಟಿಸಿದರು. ಗಂಟೆಗೆ 3 ಮೈಲಿ ವೇಗದಲ್ಲಿ ನಡೆಯೋ ಮನುಷ್ಯ ಒಂದು ಸೆಕೆಂಡಿನಲ್ಲಿ ಹೋಗೋ ದೂರ ಅದು. ಆಮೇಲೆ ಟೇಪು ಬಿಚ್ಚುತ್ತಾ, ಕುರ್ಚಿಗಳನ್ನು ಸರಿಸುತ್ತಾ ಹೋದರು. ಹದಿನೇಳೂವರೆ ಅಡಿಗೆ ನಿಂತರು. ಸೈಕಲ್ಲು, ಗಂಟೆಗೆ 12 ಮೈಲಿ, ಅದೇ ಒಂದು ಸೆಕೆಂಡ್. ಏನೋ ಅಡ್ಡ ಬಂತು ಅಂತ ಗೊತ್ತಾಗಿ ಬೆರಳು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿಯುತ್ತೆ ಅಂತಿಟ್ಟುಕೊಳ್ಳಿ ಅಂದು ಇನ್ನೂ ಮುಂದಕ್ಕೆ ಹೋದರು. 26 ಅಡಿ. ಟೇಪು ಬಾಗಿಲ ಹತ್ತಿರ ಇದ್ದ ಕಾಫಿ ಮಷೀನಿನ ಬುಡದಲ್ಲಿ ಮುಗಿಯಿತು.

“ಇಷ್ಟು ದೂರ ನೀವು ಬ್ರೇಕನ್ನೇ ಹಿಡಿದಿಲ್ಲ” ಅಂದರು.

ಆ ಹಳದಿ ಪಟ್ಟಿಯನ್ನು ನೋಡುತ್ತಾ ಕೂತಿದ್ದೆ. ಸ್ಟ್ರೀಟ್‌ಕಾರ್ ಸ್ಟಾಪಿನಲ್ಲಿ ಆ ಹೆಂಗಸು ಹಿಂದಕ್ಕೆ ಇಟ್ಟದ್ದು ಒಂದು ಹೆಜ್ಜೆ, ಎರಡೂವರೆ ಅಡಿ ಇರಬಹುದು. ನಡೆಯುವವರಿಗೆ ಅಷ್ಟು ಜಾಗ ಯಾರನ್ನೂ ಕೇಳದೆ ಸಿಗಬೇಕು. ಫೋನ್ ನೋಡುತ್ತಾ ನಿಲ್ಲಬಹುದು, ಮಗು ಕೈ ಬಿಡಿಸಿಕೊಂಡು ಓಡಬಹುದು, ಅಂಗಡಿ ಬಾಗಿಲಿನಿಂದ ಹಿಂದಕ್ಕೆ ತಿರುಗಿ ಮಾತಾಡುತ್ತಲೇ ಹೊರಗೆ ಬರಬಹುದು. ನಾನಂತೂ ದಿನಾ ಇದನ್ನೆಲ್ಲ ಮಾಡುತ್ತೇನೆ. ಇಷ್ಟು ಸೊಟ್ಟಸೊಟ್ಟಗೆ ನಡೆಯೋ ಜನರ ನಡುವೆ 26 ಅಡಿ ಕುರುಡಾಗಿ ನುಗ್ಗುತ್ತಿದ್ದೆ, ಹಾಡು ಕೇಳಿಕೊಂಡು.

ಇನ್ನೊಂದು ವಿಷಯ ಹೇಳಿದರು. ಅದು ನನ್ನನ್ನು ಇನ್ನೂ ಹೆದರಿಸಿತು. ಪಾರ್ಕಿಂಗ್ ಕಟ್ಟಡದಿಂದ ಒನ್ ವೇ ರಸ್ತೆಗೆ ಬರೋ ಕಾರಿನವರು ನೋಡೋದು ಒಂದೇ ಕಡೆ, ಗಾಡಿಗಳು ಬರೋ ಕಡೆ. ಟೆಂತ್ ಅವೆನ್ಯೂನಲ್ಲಿ ಅಂದರೆ ದಕ್ಷಿಣದ ಕಡೆ. ನಾನು ಬರುತ್ತಿದ್ದದ್ದು ಉತ್ತರದಿಂದ. ಅಷ್ಟು ತಿಂಗಳು ಒಂದು ಕಾರೂ ನನ್ನನ್ನು ಗುದ್ದದೆ ಇದ್ದದ್ದು ನನ್ನ ಜಾಣತನವಲ್ಲ. ಫುಟ್‌ಪಾತ್ ಮೇಲೆ ಸವಾರಿ ಮಾಡಬಹುದಾದ ಕಡೆಯೂ ಸಹ ಕಾರು ಹೊರಬರೋ ದಾರಿ, ಕ್ರಾಸಿಂಗು ಬಂದಾಗ ಅಲ್ಲಿಗೆ ಗಾಡಿ ಬರುತ್ತಿದ್ದರೆ ನಡಿಗೆಯ ವೇಗಕ್ಕೆ ಇಳಿಸಬೇಕು, ನಡೆಯುವವರನ್ನು ದಾಟೋ ಮೊದಲು ಬೆಲ್ ಹೊಡೆಯಬೇಕು ಇಲ್ಲವೇ ಕೂಗಿ ಹೇಳಬೇಕು ಅಂತ ಆರೆಗನ್ ರಾಜ್ಯದ ಕಾನೂನೇ ಇದೆ. ಅಂದರೆ ಜೆಫರ್ಸನ್ ದಾಟಿದ ಮೇಲೂ ನಾನು ಮಾಡುತ್ತಿದ್ದದ್ದು ಪೂರ್ತಿ ಸರಿಯಿರಲಿಲ್ಲ.

ಆ ಬೇಸಿಗೆಯಿಂದ ಊರಿನಲ್ಲಿ ಬಾಡಿಗೆ ಎಲೆಕ್ಟ್ರಿಕ್ ಸ್ಕೂಟರುಗಳ ಹಾವಳಿ ಬೇರೆ ಶುರುವಾಗಿತ್ತು. ಜುಲೈ 23ರಿಂದ ನವೆಂಬರ್ 20ರವರೆಗೆ, 120 ದಿನದ ಪ್ರಯೋಗ. ಅಷ್ಟರಲ್ಲಿ ಏಳು ಲಕ್ಷ ಸಲ ಜನ ಅದನ್ನು ಹತ್ತಿ ಇಳಿದರು ಅಂತ ಆಮೇಲೆ ಊರೇ ಲೆಕ್ಕ ಕೊಟ್ಟಿತು. ಅವನ್ನು ಆರೆಗನ್ನಿನ ಯಾವ ಫುಟ್‌ಪಾತ್ ಮೇಲೂ ಓಡಿಸುವ ಹಾಗಿಲ್ಲ. ಆದರೆ ಓಡಿಸುತ್ತಿದ್ದರು. ಕ್ಲಾಸಿನಲ್ಲಿ ಸೈಕಲ್ಲಿನವರೆಲ್ಲ ಒಂದಾಗಿ ಸ್ಕೂಟರಿನವರನ್ನು ಬೈದೆವು. ಕಾರಿನವರು ನಮ್ಮನ್ನು ನೋಡಿ ಮುಗುಳ್ನಕ್ಕರು. ಅಜ್ಜಿ ಎಲ್ಲರನ್ನೂ ಸೇರಿಸಿ ಬೈದರು.

ಕೊನೆಯಲ್ಲಿ ನಾನು ಕೈ ಎತ್ತಿದೆ. ಸರಿ, ಫುಟ್‌ಪಾತ್ ಬೇಡ. ಹಳಿ ಇರೋ ಬೀದಿಯಲ್ಲಿ ಬಿದ್ದು ಸಾಯೋದಾ? ಟೀಚರ್ ಮ್ಯಾಪು ತೆಗೆದು, ಎಲ್ಲಿ ಇಳಿಯುತ್ತೀರಿ ಅಂತ ಕೇಳಿದರು. ತೋರಿಸಿದೆ. ಅವರ ಬೆರಳು ಯಾಮ್‌ಹಿಲ್ ಮೇಲೆ ಸ್ವಲ್ಪ ಬಲಕ್ಕೆ ಸರಿಯಿತು. “ಮುಂದಿನ ಸ್ಟಾಪಿನಲ್ಲಿ ಇಳಿಯಿರಿ” ಅಂದರು. ಪಯೋನಿಯರ್ ಸ್ಕ್ವೇರ್. ಅಲ್ಲಿ ಬ್ರಾಡ್‌ವೇ ಕಾಲ ಬುಡದಲ್ಲೇ. ಅದು ಒನ್ ವೇ, ದಕ್ಷಿಣಕ್ಕೇ. ಸೈಕಲ್ ಲೇನ್ ಇದೆ. ಯೂನಿವರ್ಸಿಟಿ ಹತ್ತಿರ, ನಿಂತ ಕಾರುಗಳ ಸಾಲಿನ ಮರೆಯಲ್ಲಿ ಸೈಕಲ್ಲಿಗೇ ಬೇರೆ ದಾರಿ, 2009ರಲ್ಲೇ ಮಾಡಿದ್ದು. ಎಲ್ಲ ಇತ್ತು, ನಾನು ಒಂದು ಸ್ಟಾಪು ಮೊದಲೇ ಇಳಿಯುತ್ತಿದ್ದೆ ಅಷ್ಟೇ.

ಮಾರನೇ ದಿನ ಎದೆ ಢವಗುಟ್ಟುತ್ತಲೇ ರಸ್ತೆಗೆ ಇಳಿದೆ. ಕಾರುಗಳು ಹಿಂದಿನಿಂದ ಹಾರ್ನ್ ಹೊಡೆದು ಅಟ್ಟಿಸಿಕೊಂಡು ಬರುತ್ತವೆ ಅಂತ ಕಾಯುತ್ತಿದ್ದೆ. ಬರಲಿಲ್ಲ. ಡೌನ್‌ಟೌನಿನ ಸಿಗ್ನಲ್ಲುಗಳನ್ನು ಗಂಟೆಗೆ 12ರಿಂದ 16 ಮೈಲಿ ಅಂದಾಜಿಗೆ ಕೂಡಿಸಿಟ್ಟಿದ್ದಾರೆ. ಅದು ಸೈಕಲ್ಲಿನ ವೇಗವೇ. ಕಾರಿನವನು ಎಷ್ಟು ಆತುರ ಪಟ್ಟರೂ ಮುಂದಿನ ಕೆಂಪು ದೀಪದಲ್ಲಿ ನನ್ನ ಪಕ್ಕವೇ ನಿಂತಿರುತ್ತಾನೆ. ಮೂರನೇ ಸಿಗ್ನಲ್ಲಿಗೆ ನನಗೆ ನಗು ಬಂತು.

ಹಾಗಂತ ಎಲ್ಲ ಸುಖವೇ ಅಂತಲ್ಲ. ಆಗ ಬ್ರಾಡ್‌ವೇಯ ಹೋಟೆಲುಗಳ ಮುಂದೆ ಸೈಕಲ್ ಲೇನನ್ನೇ ದಾಟಿಕೊಂಡು ಟ್ಯಾಕ್ಸಿಗಳು ಬಾಗಿಲಿಗೆ ಬರುತ್ತಿದ್ದವು, ಅಲ್ಲೇ ನಿಲ್ಲುತ್ತಿದ್ದವು, ಸೂಟ್‌ಕೇಸು ಇಳಿಸುತ್ತಿದ್ದವು. ಒಂದು ದಿನ ಕಾರಿನ ಬಾಗಿಲು ಮೂಗಿನ ಮುಂದೆ ತೆರೆದುಕೊಂಡಿತು. ಫುಟ್‌ಪಾತ್ ಬಿಟ್ಟು ಇಳೀರಿ ಅನ್ನೋ ಊರು ಇಳಿಯೋ ಜಾಗದಲ್ಲಿ ಟ್ಯಾಕ್ಸಿ ನಿಲ್ಲದ ಹಾಗೆ ನೋಡಿಕೊಳ್ಳಬೇಕಲ್ವಾ? ಈ ತಕರಾರು ನನಗೆ ಈಗಲೂ ಇದೆ. ಅಂಥ ಕಡೆ ಈಗ ಇಳಿದು ಸೈಕಲ್ ತಳ್ಳಿಕೊಂಡು ಹೋಗುತ್ತೇನೆ. ಇಳಿದು ತಳ್ಳಿದರೆ ನಾನೂ ನಡೆಯುವವನೇ, ಯಾವ ಸೆಕ್ಷನ್ನೂ ಅಡ್ಡ ಬರಲ್ಲ. ಐದು ಬ್ಲಾಕನ್ನೂ ತಳ್ಳಿಕೊಂಡೇ ಹೋದರೆ ಎಷ್ಟು ಹೊತ್ತಾಗುತ್ತೆ ಅಂತ ಒಮ್ಮೆ ಗಡಿಯಾರ ನೋಡಿದೆ. ಆರು ನಿಮಿಷ.

ಚೀಟಿ ಕೊಟ್ಟೆ, ಕೇಸು ವಜಾ ಆಯಿತು, ಅದೇನೂ ಹೇಳುವಂಥದ್ದಲ್ಲ. ಹಳಿಯ ಫೋಟೋಗಳು ಫೈಲಿನಲ್ಲೇ ಇವೆ.

ನವೆಂಬರ್ ಕೊನೆಯಲ್ಲಿ, ಸಣ್ಣಗೆ ಮಳೆ ಹನಿಯುತ್ತಿದ್ದ ಒಂದು ಬೆಳಿಗ್ಗೆ, ಪುಸ್ತಕ ವಾಪಸ್ ಕೊಡೋದಿತ್ತು ಅಂತ ಹಳೇ ಸ್ಟಾಪಿನಲ್ಲೇ ಇಳಿದೆ. ಸೈಕಲ್ ತಳ್ಳಿಕೊಂಡು ಲೈಬ್ರರಿ ಕಡೆ ತಿರುಗಿದರೆ, ಸ್ಟ್ರೀಟ್‌ಕಾರ್ ಸ್ಟಾಪಿನಲ್ಲಿ ಅದೇ ಬೂದು ಕೋಟು. ಕಲೆ ಹೋಗಿತ್ತೋ ಇತ್ತೋ, ದೂರಕ್ಕೆ ಗೊತ್ತಾಗಲಿಲ್ಲ. ಚಕ್ರದ ಟಿಕ್ ಟಿಕ್ ಸದ್ದಿಗೆ ಅವರು ತಿರುಗಿ ನೋಡಿದರು. ನನ್ನ ಗುರುತು ಸಿಕ್ಕಿತು. ನಾನು ಕೆಳಗಿಳಿದು ನಡೆಯುತ್ತಿದ್ದೇನೆ ಅನ್ನೋದನ್ನೂ ನೋಡಿದರು. ತಲೆ ಆಡಿಸಿ ನಕ್ಕರು. ಆದರೂ ಕಾಫಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡು, ನಾನು ದಾಟಿ ಹೋಗೋವರೆಗೂ ಅಲುಗಾಡದೆ ನಿಂತಿದ್ದರು.